ಫೈಲು ನೋಡುವವರಿದ್ದಾರೆ, ಕಾಯ್ದೆ ನೋಡುವವರಿಲ್ಲ

ಪ್ರಶ್ನೆ: ಭಯೋತ್ಪಾದನೆ ತಡೆಯುವ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸುಗಳ ಪರಿಶೀಲನೆಗೆ ಪ್ರಾಧಿಕಾರ ಇದೆಯಲ್ಲ ಸಾರ್, ಮತ್ತೊಬ್ಬ ಸ್ವತಂತ್ರ ಮೇಲ್ವಿಚಾರಕ ಯಾಕೆ? (ತೀರ್ಥಹಳ್ಳಿ)

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಲಿ? ದಯವಿಟ್ಟು ಆ ಕಾಯ್ದೆಯ 45ನೇ ಸೆಕ್ಷನ್ ಓದಿ. 2008ರ ತಿದ್ದುಪಡಿಯಿಂದ ಬಂದ ಆ ಪ್ರಾಧಿಕಾರವನ್ನು ನೇಮಿಸುವುದು ಸರ್ಕಾರವೇ. ಸಾಕ್ಷ್ಯ ನೋಡಿ, ಮೊಕದ್ದಮೆಗೆ ಅನುಮತಿ ಕೊಡಬಹುದೇ ಎಂದು 7 ಕೆಲಸದ ದಿನಗಳಲ್ಲಿ ಶಿಫಾರಸು ಕೊಡಬೇಕು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದು ನೋಡುವುದು ಒಂದು ಫೈಲನ್ನು. ಕಾಯ್ದೆಯನ್ನು ಹೇಗೆ ಬಳಸುತ್ತಿದ್ದಾರೆ, ವಿಚಾರಣೆಯೇ ಆಗದೆ ಎಷ್ಟು ಜನ ಒಳಗಿದ್ದಾರೆ, ಜಾಮೀನಿಗೆ ಅಷ್ಟು ಬಿಗಿ ಬೇಕೇ ಎಂದು ವರ್ಷ ವರ್ಷ ಲೆಕ್ಕ ಕೇಳುವವರಿಲ್ಲ.

ಕಳೆದ ಮಳೆಗಾಲದಲ್ಲಿ ಘಟ್ಟದ ಕಡೆಯ ತಂದೆಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಗೊಬ್ಬರದ ಚೀಲದಿಂದ ರಿಮಾಂಡ್ ಕಾಗದಗಳನ್ನು ತೆಗೆದು, ಒಂದೊಂದನ್ನೂ ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಜೊತೆಗೆ ಕ್ಯಾಲೆಂಡರಿನ ಮೂರು ಹಾಳೆ, ಕಳೆದ ದಿನಕ್ಕೆಲ್ಲ ಗೀಟು. 90 ದಿನದೊಳಗೆ ಆರೋಪಪಟ್ಟಿ ಹಾಕದಿದ್ದರೆ ಜಾಮೀನಿನ ಮೇಲೆ ಮಗ ಬರುತ್ತಾನೆಂದು ಯಾರೋ ಹೇಳಿದ್ದರಂತೆ. ಯುಎಪಿಎಯಲ್ಲಿ ಕೋರ್ಟು ಅದನ್ನು 180ಕ್ಕೆ ಏರಿಸಬಹುದೆಂದು ನಾನು ಹೇಳಬೇಕಾಯಿತು. ಇಂಥ ಮನೆಗಳ ಲೆಕ್ಕವನ್ನು ಸಂಸತ್ತಿನ ಮುಂದಿಡಲು ಒಬ್ಬರು ಬೇಕು.

ಬ್ರಿಟನ್ನಿನಲ್ಲಿ ಅಂಥವರಿದ್ದಾರೆ. 2011ರಿಂದ 2017ರವರೆಗೆ ಆ ಹುದ್ದೆಯಲ್ಲಿದ್ದ ಡೇವಿಡ್ ಆಂಡರ್ಸನ್ ವಕೀಲರು. ಗುಪ್ತ ಕಡತ ನೋಡುವ ಅವಕಾಶ ಅವರಿಗಿತ್ತು, ವರದಿ ಸಂಸತ್ತಿಗೆ ಹೋಗುತ್ತಿತ್ತು. ಆಸ್ಟ್ರೇಲಿಯಾ 2010ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿ, ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರವನ್ನೂ ಕೊಟ್ಟಿತು. 2014ರಲ್ಲಿ ಅಲ್ಲಿನ ಸರ್ಕಾರ ಹುದ್ದೆಯನ್ನೇ ತೆಗೆಯಹೊರಟು ಹಿಂದೆ ಸರಿಯಿತು. ಹಾಗಾಗಿ ನಮ್ಮಲ್ಲಿ ಬಂದರೂ ಬರೀ ಸರ್ಕಾರಿ ಆದೇಶದಲ್ಲಿ ಬರಬಾರದು, ಕಾಯ್ದೆಯಲ್ಲೇ ಬರಬೇಕು. ನಿವೃತ್ತಿಯ ಮೇಲೆ ಇನ್ನೊಂದು ಕುರ್ಚಿ ಹುಡುಕುವವರು ಅಲ್ಲಿ ಕೂರುವುದೂ ಬೇಡ.

ಪ್ರಶ್ನೆ: ಆ ಮೇಲ್ವಿಚಾರಕರು ಬಂದರೆ ನನ್ನ ತಮ್ಮನಿಗೆ ಜಾಮೀನು ಸಿಗುತ್ತದೆಯೇ? (ಸಾಗರ)

ಉತ್ತರ: ಇಲ್ಲ. ಅದು ಕೋರ್ಟಿನ ಕೆಲಸ. ವಿಚಾರಣೆ ವರ್ಷಗಟ್ಟಲೆ ಎಳೆದಿದ್ದರೆ ಯುಎಪಿಎಯಲ್ಲೂ ಜಾಮೀನು ಕೊಡಬಹುದೆಂದ ಸುಪ್ರೀಂ ಕೋರ್ಟಿನ 2021ರ ನಜೀಬ್ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ.

ಪ್ರಶ್ನೆ: ಎನ್‌ಎಸ್‌ಎ (ರಾಷ್ಟ್ರೀಯ ಭದ್ರತಾ ಕಾಯ್ದೆ), ಯುಎಪಿಎ ಎರಡೂ ಒಂದೇ ತಾನೇ? (ಹೊಸನಗರ)

ಉತ್ತರ: ಅಲ್ಲ. 1980ರ ಎನ್‌ಎಸ್‌ಎಯಲ್ಲಿ ಆರೋಪಪಟ್ಟಿಯೇ ಇಲ್ಲದೆ 12 ತಿಂಗಳವರೆಗೆ ಇಡಬಹುದು.

ಪ್ರಶ್ನೆ: ಯುಎಪಿಎಯ ಭಯೋತ್ಪಾದಕರ ಪಟ್ಟಿಯಿಂದ ಹೆಸರು ತೆಗೆಸುತ್ತೇನೆಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ. (ಶಿವಮೊಗ್ಗ)

ಉತ್ತರ: ಬಿಡಿಗಾಸೂ ಕೊಡಬೇಡಿ, ಅವನು ಮೋಸಗಾರ. ಅರ್ಜಿ ಹೋಗಬೇಕಾದದ್ದು ಕೇಂದ್ರ ಸರ್ಕಾರಕ್ಕೆ. ತಿರಸ್ಕರಿಸಿದ ಆದೇಶ ಕೈಸೇರಿದ ಒಂದು ತಿಂಗಳೊಳಗೆ ಪರಿಶೀಲನಾ ಸಮಿತಿಗೆ ಹೋಗಬೇಕು. ಆದೇಶ ಬಂದ ಲಕೋಟೆಯನ್ನು ಎಸೆಯಬೇಡಿ, ದಿನಾಂಕದ ಮುದ್ರೆ ಇರುವುದು ಅದರ ಮೇಲೆ.