‘ಮೀನ್ಸ್’ ಪದವಿಲ್ಲದಿದ್ದರೂ ಕ್ಲೇಮು ಬಿದ್ದದ್ದೇಕೆ?

ವಿಲಿಯಮ್ಸನ್–ಸಿಟ್ರಿಕ್ಸ್ ಪೇಟೆಂಟ್ ಪ್ರಕರಣದಲ್ಲಿ ‘ಮೀನ್ಸ್’ (ಇಂಥ ಕೆಲಸ ಮಾಡುವ ಸಾಧನ) ಎಂಬ ಪದವೇ ಇಲ್ಲದ ಕ್ಲೇಮು, ಅಂದರೆ ಪೇಟೆಂಟ್‌ನಲ್ಲಿ ಹಕ್ಕು ಕೇಳುವ ವಾಕ್ಯ, ಅಸ್ಪಷ್ಟವೆಂದು ಹೇಗೆ ಬಿತ್ತು ಅಂತ ಕೇಳಿದ್ದೀರಿ. ಕ್ಲೇಮು ರಚನೆ ಹೇಳದೆ ‘ಇಂಥ ಕೆಲಸ ಮಾಡುವ ಮೀನ್ಸ್’ ಅಂತಷ್ಟೇ ಹೇಳಿದರೆ, ಆ ರಚನೆ ಪೇಟೆಂಟ್‌ನ ವಿವರಣೆಯಲ್ಲಿ ಇರಬೇಕು ಎನ್ನುವುದು ಅಲ್ಲಿನ ನಿಯಮ. ಬಿದ್ದದ್ದು 8ರಿಂದ 16ರವರೆಗಿನ ಕ್ಲೇಮುಗಳು ಮಾತ್ರ. ಅವುಗಳಲ್ಲಿದ್ದ ‘ಡಿಸ್ಟ್ರಿಬ್ಯೂಟೆಡ್ ಲರ್ನಿಂಗ್ ಕಂಟ್ರೋಲ್ ಮಾಡ್ಯೂಲ್’ (ದೂರದಿಂದ ನಡೆಯುವ ಕಲಿಕೆಯನ್ನು ನಿಯಂತ್ರಿಸುವ ಭಾಗ) ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ, ಅದರ ರಚನೆ ಏನು ಅಂತ ಗೊತ್ತಾಗುವುದಿಲ್ಲ. ‘ಮೀನ್ಸ್’ ಬಳಸಿಲ್ಲ ಅಂದಮಾತ್ರಕ್ಕೆ ಆ ನಿಯಮದಿಂದ ಬಲವಾದ ರಕ್ಷಣೆ ಸಿಗದು ಎಂದು ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಮೆರಿಕದ ನ್ಯಾಯಾಲಯವಾದ ಫೆಡರಲ್ ಸರ್ಕ್ಯೂಟ್ 2015ರ ಜೂನ್‌ನಲ್ಲಿ ಹೇಳಿತು. ಆ ಒಂದು ಅಂಶಕ್ಕಾಗಿಯೇ ಪೂರ್ಣಪೀಠ ಕೂತಿತ್ತು. ಆಮೇಲೆ ಪೇಟೆಂಟ್‌ನ ವಿವರಣೆಯಲ್ಲಿ ಆ ಮಾಡ್ಯೂಲ್ ಕೆಲಸ ಮಾಡುವ ಅಲ್ಗಾರಿದಮ್ (ಹಂತ ಹಂತದ ವಿಧಾನ) ಹುಡುಕಿದರು, ಸಿಗಲಿಲ್ಲ. ನನ್ನ ಪ್ರಕಾರ ಇದು ಸರಿಯಾದ ತೀರ್ಪು: ಹೇಗೆ ಮಾಡುತ್ತೇನೆಂದು ಹೇಳದವರಿಗೆ ಇಡೀ ಕ್ಷೇತ್ರ ಬರೆದುಕೊಡಲಾಗದು. ಪರದೆಯ ಮೇಲಿನ ತರಗತಿಯ ಕುರಿತ ಉಳಿದ ಕ್ಲೇಮುಗಳ ಕಥೆ ಬೇರೆ. ಪರದೆಯ ಮೇಲೆ ಕಾಣುವುದು ತರಗತಿಯ ಚಿತ್ರನಕ್ಷೆಯೇ ಆಗಿರಬೇಕೆಂದು ಕೆಳ ನ್ಯಾಯಾಲಯ ಹೇಳಿದ್ದು ತಪ್ಪೆಂದು ಪ್ರಕರಣವನ್ನು ವಾಪಸ್ ಕಳಿಸಿದರು.