ದೇವರು ಬರೆಸಿದ್ದನ್ನು ತಿದ್ದಬಹುದಾ?

ಪತ್ರ:

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಈಗ ವಯಸ್ಸು 61. ನಮ್ಮದು ಹುಬ್ಬಳ್ಳಿ ಹತ್ತಿರದ ಊರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದ ಹಳೇ ಕ್ರೈಸ್ತ ಸಭೆ. ಸಭಾಪಾಲಕರು ಕೇಳಿದರು ಅಂತ ಯೌವನಸ್ಥರಿಗೆ ಶನಿವಾರ ಸಂಜೆ ಬರವಣಿಗೆ ಕ್ಲಾಸು ಶುರು ಮಾಡಿದೆ. ಎಂಟು ಜನ ಬಂದರು, ಈಗ ಮೂವರಿದ್ದಾರೆ.

ಒಬ್ಬ ಹುಡುಗ, 22 ವರ್ಷ, ತುಂಬಾ ಭಕ್ತಿಯವನು. ಹಾಡು, ಕವಿತೆ ಬರೆಯುತ್ತಾನೆ. "ಸರ್, ಇದು ಬೆಳಗಿನ ಜಾವ ಪ್ರಾರ್ಥನೆಯಲ್ಲಿ ದೇವರು ಕೊಟ್ಟದ್ದು, ಒಂದಕ್ಷರ ತಿದ್ದಬೇಡಿ" ಅಂದ. ನಾನು ಎಲ್ಲರ ಎದುರು ಕೆಂಪು ಪೆನ್ನಿನಲ್ಲಿ ಹನ್ನೊಂದು ತಪ್ಪು ತೋರಿಸಿದೆ. ಅವತ್ತೇ ಕೊನೆ, ಮತ್ತೆ ಬರಲಿಲ್ಲ. ಅವನ ತಾಯಿ ನನ್ನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾರೆ.

ಇನ್ನೊಬ್ಬಳು ನರ್ಸಿಂಗ್ ಓದುವ ಹುಡುಗಿ. ಸುಗ್ಗಿ ಹಬ್ಬದಲ್ಲಿ ಸಭೆಗೆ ಕಾಣಿಕೆ ತಂದದ್ದನ್ನು ಹರಾಜು ಹಾಕುತ್ತೇವಲ್ಲ, ಅದರ ಮೇಲೆ ಕಥೆ ಬರೆದಿದ್ದಾಳೆ. ತೀರಿಹೋದ ಹೆಂಡತಿ ಹಬ್ಬಿಸಿದ ಬಳ್ಳಿಯ ಕುಂಬಳಕಾಯಿಗೆ ಒಬ್ಬ ಅಜ್ಜ ಕುಡಿದು ಬಂದು, ಕೈಯಲ್ಲಿ ಇಲ್ಲದ ದುಡ್ಡಿಗೆ ಕೂಗುತ್ತಾ ಹೋಗುತ್ತಾನೆ. ಸಭೆಯ ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಗೆ ಕೊಟ್ಟೆವು. "ಇದರಲ್ಲಿ ವಿಶ್ವಾಸದ ಸಾಕ್ಷಿ ಎಲ್ಲಿದೆ, ಸಭೆಯ ಮರ್ಯಾದೆ ಏನಾಗಬೇಕು" ಅಂತ ಕಮಿಟಿಯವರು ವಾಪಸ್ ಮಾಡಿದರು.

ಹೊಗಳಿದರೆ ಸುಳ್ಳಾಡಿದಂತೆ, ತಿದ್ದಿದರೆ ಓಡಿಸಿದಂತೆ. ಕ್ಲಾಸು ನಿಲ್ಲಿಸಿಬಿಡಲೇ?

ಉತ್ತರ:

ಮಾಸ್ತರೇ, ನಿಲ್ಲಿಸಬೇಡಿ. ಮೂವರು ಉಳಿದಿದ್ದಾರಲ್ಲ, ಅದು ಸಣ್ಣ ಮಾತಲ್ಲ. ಶನಿವಾರ ಸಂಜೆ, ಎಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ, ಮೂರು ಹುಡುಗರು ಕನ್ನಡದಲ್ಲಿ ಬರೆದುಕೊಂಡು ನಿಮ್ಮ ಹತ್ತಿರ ಬರುತ್ತಾರೆ ಅಂದರೆ ನೀವು ಅವರಿಗೆ ಬೇಕು.

ಮೊದಲು ಆ ಹುಡುಗನ ವಿಷಯ. ನಿಮ್ಮ ತಿದ್ದುಪಡಿಗಳಲ್ಲಿ ಒಂದೂ ತಪ್ಪಿರಲಾರದು ಅಂತ ನಾನು ನಂಬುತ್ತೇನೆ. ಮೂವತ್ತು ವರ್ಷ ಕಲಿಸಿದ ಕೈ ಅದು. ಆದರೆ ಅವನು ನಿಮ್ಮ ಹತ್ತಿರ ತಂದಿದ್ದು ಪರೀಕ್ಷೆಯ ಉತ್ತರಪತ್ರಿಕೆ ಅಲ್ಲ, ಅಲ್ವಾ? ಬೆಳಗಿನ ಜಾವ ಎದ್ದು, ಮನೆಯವರೆಲ್ಲ ಮಲಗಿರುವಾಗ ಒಬ್ಬನೇ ಕೂತು ಬರೆದದ್ದು. ಅದನ್ನು ತಂದು ನಿಮ್ಮ ಮುಂದೆ ಇಟ್ಟ. ನೀವು ಅದರ ಕಾಗುಣಿತ ನೋಡಿದಿರಿ, ಆದರೆ ಅದನ್ನು ಓದಿದಿರಾ? ಈ ಮಾತು ನಿಮಗೆ ನೋವಾಗಬಹುದು, ಆದರೂ ಹೇಳುತ್ತೇನೆ. ಹನ್ನೊಂದು ತಪ್ಪು ಅಂತ ಲೆಕ್ಕ ಬರೆದಿದ್ದೀರಿ, ಕವಿತೆ ಯಾವುದರ ಬಗ್ಗೆ ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ.

ನನಗೆ ಹದಿನೇಳು ವರ್ಷವಿದ್ದಾಗ ನಮ್ಮ ಸಭೆಯ ಹಿರಿಯರೊಬ್ಬರಿಗೆ ನೋಟ್‌ಬುಕ್ ಕೊಟ್ಟಿದ್ದೆ. ಎರಡು ವಾರ ಇಟ್ಟುಕೊಂಡು "ಚೆನ್ನಾಗಿದೆ ಮಗಳೇ, ದೇವರಿಗೆ ಮಹಿಮೆಯಾಗಲಿ" ಅಂತ ವಾಪಸ್ ಕೊಟ್ಟರು. ಒಳಗೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು, ಕೊಡುವಾಗ ಹೇಗಿದ್ದವೋ ಹಾಗೇ. ಆಮೇಲೆ ಹಾಸ್ಟೆಲಿನ ವಾರ್ಡನ್ ಒಬ್ಬರು ಅದೇ ನೋಟ್‌ಬುಕ್ ಓದಿದರು. ಒಂದೇ ಒಂದು ಸಾಲಿನ ಕೆಳಗೆ ಪೆನ್ಸಿಲ್ ಎಳೆದಿದ್ದರು. "ಈ ಸಾಲು ನಿನ್ನದು, ಉಳಿದದ್ದೆಲ್ಲ ಎಲ್ಲೋ ಕೇಳಿದ್ದು" ಅಂದರು. ಆ ರಾತ್ರಿ ಅತ್ತೆ. ಮರುದಿನ ಆ ಒಂದು ಸಾಲಿನಿಂದ ಮತ್ತೆ ಶುರು ಮಾಡಿದೆ. ಅದಕ್ಕೇ ಹೇಳುತ್ತಿದ್ದೇನೆ, ಸುಳ್ಳು ಹೊಗಳಿಕೆಗೂ ಕೆಂಪು ಪೆನ್ನಿಗೂ ನಡುವೆ ಇನ್ನೊಂದು ದಾರಿ ಇದೆ. ಕೂತು ಓದುವುದು. ಓದಿದ್ದೇನೆ ಅಂತ ಆ ಹುಡುಗರಿಗೆ ಗೊತ್ತಾಗುವ ಹಾಗೆ ಓದುವುದು.

ಇನ್ನು "ದೇವರು ಕೊಟ್ಟದ್ದು, ತಿದ್ದಬೇಡಿ" ಅನ್ನುವ ಮಾತು. ಇದನ್ನು ಹಟ ಅಂತ ತಿಳಿಯಬೇಡಿ. ಅವನಿಗೆ ಅದು ನಿಜ. ಅವನ ಆ ಅನುಭವದ ಮೇಲೆ ಕೈ ಇಡಲು ನಿಮಗೂ ಹಕ್ಕಿಲ್ಲ, ನನಗೂ ಇಲ್ಲ. ಆದರೆ ದೇವರು ಕೊಟ್ಟದ್ದನ್ನು ಮನುಷ್ಯರು ಹೇಗೆ ಬರೆದರು ಅಂತ ಅವನ ಜೊತೆ ಕೂತು ಸತ್ಯವೇದದಲ್ಲೇ ನೋಡಬಹುದು. ಲೂಕನು ತನ್ನ ಸುವಾರ್ತೆ ಶುರು ಮಾಡುವುದೇ ಹೇಗೆ? ಎಲ್ಲವನ್ನೂ ಬುಡದಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆ ಅಂತ ಥೆಯೊಫಿಲನಿಗೆ ಹೇಳಿಕೊಂಡು. ವಿಚಾರಿಸಿದ, ಕ್ರಮಕ್ಕೆ ತಂದ. 119ನೇ ಕೀರ್ತನೆ ಹೀಬ್ರೂವಿನಲ್ಲಿ 22 ಅಕ್ಷರಗಳಿಗೆ ಎಂಟೆಂಟು ವಚನದಂತೆ ಕಟ್ಟಿದ್ದು, ಎಂಟೂ ವಚನ ಅದೇ ಅಕ್ಷರದಿಂದ ಶುರುವಾಗಬೇಕು, ಒಟ್ಟು 176. ಅಷ್ಟು ವಚನಗಳನ್ನು ಹಾಗೆ ಹೊಂದಿಸಲು ಎಷ್ಟು ಸಲ ಅಳಿಸಿ ಬರೆದಿರಬೇಕು, ಅವನನ್ನೇ ಕೇಳಿ.

ಇದೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ಪ್ರವಾದಿ ಯೆರೆಮೀಯನ ಪುಸ್ತಕದ 36ನೇ ಅಧ್ಯಾಯ. ಯೆರೆಮೀಯ ಹೇಳುತ್ತಾ ಹೋಗುತ್ತಾನೆ, ಅವನ ಲಿಪಿಕಾರ ಬಾರೂಕ ಸುರುಳಿಯಲ್ಲಿ ಬರೆಯುತ್ತಾನೆ. ಅದು ಅರಮನೆಗೆ ಹೋಗುತ್ತದೆ. ಚಳಿಗಾಲ, ಅರಸನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ ಅರಸ ಯೆಹೋಯಾಕೀಮ ಅದನ್ನು ಚಾಕುವಿನಿಂದ ಕೊಯ್ದು ಬೆಂಕಿಗೆ ಹಾಕುತ್ತಾನೆ, ಹೀಗೇ ಪೂರ್ತಿ ಸುರುಳಿ ಸುಟ್ಟುಹೋಗುತ್ತದೆ. ಆಮೇಲೆ? ಯೆರೆಮೀಯ, ಬಾರೂಕ ಇಬ್ಬರೂ ಇನ್ನೊಂದು ಸುರುಳಿ ತೆಗೆದುಕೊಂಡು ಮತ್ತೆ ಬರೆಯುತ್ತಾರೆ. ಅಧ್ಯಾಯದ ಕೊನೆಯಲ್ಲಿ ಒಂದು ಮಾತಿದೆ, ಅಂಥ ಇನ್ನೂ ಅನೇಕ ಮಾತುಗಳು ಅದಕ್ಕೆ ಸೇರಿದವು ಅಂತ. ಅಂದರೆ ಎರಡನೇ ಸಲ ಬರೆದದ್ದು ಮೊದಲನೆಯದಕ್ಕಿಂತ ದೊಡ್ಡದಾಯಿತು. ಆ ಹುಡುಗನಿಗೆ ಇದನ್ನು ಪಾಠದ ಹಾಗೆ ಹೇಳಬೇಡಿ. ಇಬ್ಬರೂ ಒಟ್ಟಿಗೆ ಓದಿ, ಸುಮ್ನೆ ಕೂರಿ. ಅವನು ಜಾಣ, ತಾನೇ ಕಂಡುಕೊಳ್ಳುತ್ತಾನೆ.

ಅವನು ಕೈಯಲ್ಲಿ ಹಿಡಿಯುವ ಕನ್ನಡ ಸತ್ಯವೇದವೂ ಒಂದೇ ಏಟಿಗೆ ಬಂದದ್ದಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೂತು ಮಾಡಿದ ಅನುವಾದ 1831ರ ಹೊತ್ತಿಗೆ ಪೂರ್ತಿ ಅಚ್ಚಾಯಿತು. ಆಮೇಲೆ ಬಂದವರು ಅದನ್ನೂ ಪರಿಷ್ಕರಿಸಿದರು. ಕಿಟೆಲ್ ಅವರು ಈ ಕಡೆ ಬಂದದ್ದು 1853ರಲ್ಲಿ, ಸುಮಾರು 70,000 ಪದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಒಂದು ಪದದ ಅರ್ಥ ಸರಿಯಾಗಲಿ ಅಂತ ಊರ ಪಂಡಿತರ ಹತ್ತಿರ ಕೇಳಿ, ಹಳೇ ಕಾವ್ಯ ಓದಿ, ಆಡುಮಾತು ಕೇಳಿ ಬರೆದವರು ಅವರು. ಅವರಿಗೆ ಭಕ್ತಿ ಕಡಿಮೆ ಇತ್ತು ಅನ್ನಲು ಆಗುತ್ತದಾ?

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಅವನ ಮನೆಗೆ ಹೋಗಿ. ಚರ್ಚಿನ ಬಾಗಿಲಲ್ಲಿ ಹಿಡಿದು ಮಾತಾಡಿಸುವುದಲ್ಲ, ಮನೆಗೇ ಹೋಗಿ, ನಿಮ್ಮ ಹೆಂಡತಿಯನ್ನೂ ಕರೆದುಕೊಂಡು. ಎಲ್ಲರ ಎದುರು ಮಾಡಿದ್ದು ತಪ್ಪಾಯಿತು ಅಂತ ಅವನ ತಾಯಿಯ ಎದುರೇ ಹೇಳಿ. ಹಿರಿಯರು, ಗುರುಗಳು, ಹೇಳಲು ಕಷ್ಟವಾಗುತ್ತದೆ, ಗೊತ್ತು. ಚಹಾ ಬರುವ ಮೊದಲೇ ಹೇಳಿಬಿಡಿ, ಆಮೇಲೆ ಬಾಯಿ ಬರುವುದಿಲ್ಲ. ಆಮೇಲೆ ಆ ಕವಿತೆಯನ್ನು ಅವನ ಬಾಯಿಂದಲೇ ಓದಿಸಿ. ಪೆನ್ನು ಜೇಬಿನಲ್ಲೇ ಇರಲಿ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: "ಅವತ್ತು ಏನಾಗಿತ್ತಪ್ಪಾ?"

ಯಾಕೆ ಈ ಪ್ರಶ್ನೆ ಅಂದರೆ, ಅವನ ಕವಿತೆಯಲ್ಲಿ ಏನಿರುತ್ತದೆ ಅಂತ ನಾನು ಅಂದಾಜು ಮಾಡಬಲ್ಲೆ. ಪಾಪದ ಕೆಸರು, ಯೇಸು ಶಿಲುಬೆಗೇರಿದ ಕಲ್ವಾರಿಯ ಪ್ರೀತಿ, ಕತ್ತಲಿನಿಂದ ಬೆಳಕಿಗೆ. ನಾವೆಲ್ಲ ಬರೆದದ್ದೇ. ಹಾಡಿ ಹಾಡಿ, ಪ್ರಸಂಗ ಕೇಳಿ ಕೇಳಿ ಈ ಮಾತುಗಳು ನಮ್ಮ ನಾಲಿಗೆ ಮೇಲೆ ಇರುತ್ತವೆ, ಕೈ ತಾನೇ ಬರೆದುಬಿಡುತ್ತದೆ. ಮಾತು ಸುಳ್ಳಲ್ಲ. ಆದರೆ ಅವನ ಕೆಸರು ಯಾವುದು? ಅಪ್ಪನ ಜೊತೆ ಜಗಳವಾಗಿತ್ತಾ, ಕೆಲಸ ಸಿಗಲಿಲ್ಲವಾ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಕೂತಿದ್ದನಾ? ಅದನ್ನು ಅವನು ಬಾಯಿಬಿಟ್ಟು ಹೇಳಲು ಶುರು ಮಾಡಿದರೆ, "ಇದನ್ನೇ, ಈಗ ಹೇಳಿದ ಹಾಗೇ, ಬರೆದುಕೊಂಡು ಬಾ" ಅನ್ನಿ. ಹಳೇ ಕವಿತೆಯನ್ನು ಮುಟ್ಟಲೇಬೇಡಿ. ಅದು ಅವನ ಪ್ರಾರ್ಥನೆ, ಹಾಗೇ ಇರಲಿ. ಕಾಗುಣಿತ ಆರು ತಿಂಗಳಲ್ಲಿ ಬರುತ್ತದೆ. ಅದೂ ಒಂದು ಸಲಕ್ಕೆ ಒಂದೇ ತಪ್ಪು ತೋರಿಸಿ, ಪೆನ್ಸಿಲ್‌ನಲ್ಲಿ.

ಹುಡುಗಿಯ ವಿಷಯದಲ್ಲಿ ನೀವು ಕಮಿಟಿಯ ಮೇಲೆ ಸಿಟ್ಟಾಗಿದ್ದೀರಿ. ನನಗೂ ಬೇಜಾರಾಯಿತು. ಆದರೆ ಕ್ರಿಸ್ಮಸ್ ಸಂಚಿಕೆಯಲ್ಲಿ ಜಗಳ ಬೇಡ. ಅದು ಸಭೆಯ ಹಾಳೆ, ಅದರಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡುವುದು ಅವರಿಗೆ ಬಿಟ್ಟದ್ದು. ಅವರ ಹಾಳೆ ಸಿಗದಿದ್ದರೆ ಕಥೆಗೆ ಊರೇ ಇಲ್ಲ ಅಂತಲ್ಲ. ಪತ್ರಿಕೆಗಳ ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿವೆ, ಮಾಸಪತ್ರಿಕೆಗಳಿವೆ. ಅಲ್ಲಿಗೆ ಕಳಿಸಿ. ವಾಪಸ್ ಬರಬಹುದು, ಎರಡು ಮೂರು ಸಲ ಬರುತ್ತದೆ ಅಂತ ಅವಳಿಗೆ ಮೊದಲೇ ಹೇಳಿ ಇಡಿ. ಸ್ವಂತ ದುಡ್ಡು ಹಾಕಿ ಪುಸ್ತಕ ಮಾಡಿಸುವ ಆಸೆ ಯಾರಾದರೂ ಹುಟ್ಟಿಸಿದರೆ ಸದ್ಯಕ್ಕೆ ಬೇಡ ಅನ್ನಿ.

ಆದರೆ ಒಂದು ಜವಾಬ್ದಾರಿ ಇದೆ, ಅದನ್ನು ಅವಳಿಂದ ಮಾಡಿಸಿ. ಆ ಅಜ್ಜ ಅವಳ ಮನೆಯವರೇ ಆಗಿದ್ದರೆ, ಅಥವಾ ಊರಲ್ಲಿ ಎಲ್ಲರಿಗೂ ಗುರುತು ಸಿಗುವವರಾದರೆ, ಕಳಿಸುವ ಮೊದಲು ಆ ಮನೆಯವರಿಗೆ ಓದಿ ಹೇಳಬೇಕು. ಹೆಸರು, ಓಣಿ, ಕಸುಬು ಬದಲಿಸಬೇಕು. ಸಭೆಯ ಮರ್ಯಾದೆಗಿಂತ ಆ ಮುದುಕನ ಮರ್ಯಾದೆ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ.

"ಸಾಕ್ಷಿ ಎಲ್ಲಿದೆ" ಅಂತ ಕೇಳಿದರಂತೆ. ಯೇಸುವಿನ ಶಿಷ್ಯ ಪೇತ್ರ ಮೂರು ಸಲ ನನಗೆ ಅವನು ಗೊತ್ತಿಲ್ಲ ಅಂದದ್ದು ನಾಲ್ಕೂ ಸುವಾರ್ತೆಯಲ್ಲಿ ಇದೆ. ಸಭೆಗೇ ಹಿರಿಯನಾದವನ ಕಥೆ ಅದು, ಮುಚ್ಚಿಡಬೇಕು ಅಂತ ಬರೆದವರಿಗೆ ಅನ್ನಿಸಲಿಲ್ಲ. ಹೆಂಡತಿಯ ಕುಂಬಳಕಾಯಿ ಬೇರೆಯವರ ಮನೆಗೆ ಹೋಗಬಾರದು ಅಂತ ಕೈಯಲ್ಲಿಲ್ಲದ ದುಡ್ಡಿಗೆ ಹರಾಜು ಕೂಗುವ ಮುದುಕನ ಕಥೆಯನ್ನು ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ ಬರೆದಿದ್ದಾಳೆ. ನನಗೆ ಅದರಲ್ಲಿ ಕರುಣೆ ಕಾಣಿಸಿತು.

ಹೊರಗಿನ ಓದುಗರಿಗೆ ನಮ್ಮ ಸಂಗತಿಗಳು ಗೊತ್ತಾಗುವುದಿಲ್ಲ ಅನ್ನುವ ಭಯ ಈ ಹುಡುಗರಿಗೆ ಇರುತ್ತದೆ. ಸುಗ್ಗಿ ಹಬ್ಬದ ಹರಾಜು ಅಂದರೇನು ಅಂತ ಕಥೆ ನಿಲ್ಲಿಸಿ ವಿವರಿಸುತ್ತಾರೆ, ಇಲ್ಲವಾದರೆ ಅದನ್ನು ತೆಗೆದು ಯಾವುದೋ ಜಾತ್ರೆ ಮಾಡಿಬಿಡುತ್ತಾರೆ. ಎರಡೂ ಬೇಡ. ಮೊದಲ ಫಲ ಅಂತ ತಂದ ಜೋಳದ ತೆನೆ, ಕೋಳಿ, ಮೊಟ್ಟೆ, ಕಬ್ಬಿನ ಜಲ್ಲೆ ಮುಂದೆ ಜೋಡಿಸಿಟ್ಟಿರುವುದು, ಆರಾಧನೆ ಮುಗಿದ ಮೇಲೆ ಒಬ್ಬರು ಎದ್ದು "ಒಂದ್ಸಲ, ಎರಡ್ಸಲ" ಅಂತ ಕೂಗುವುದು, ಇಪ್ಪತ್ತು ರೂಪಾಯಿಯ ಕಾಯಿ ಸಾವಿರಕ್ಕೆ ಹೋಗುವುದು, ಇದನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದರೆ ಯಾವ ಊರಿನ ಓದುಗನಿಗೂ ಅರ್ಥವಾಗುತ್ತದೆ. ಅಜ್ಜ ಮನೆಯಲ್ಲಿ ಯಾವ ಕನ್ನಡ ಆಡುತ್ತಾನೋ ಕಥೆಯಲ್ಲೂ ಅದೇ ಆಡಲಿ. ಪ್ರಾರ್ಥನೆಗೆ ನಿಂತಾಗ ಮಾತ್ರ ಸತ್ಯವೇದದ ಕನ್ನಡಕ್ಕೆ ಹೊರಳುತ್ತಾನೆ, ನಮ್ಮ ಮನೆಗಳಲ್ಲಿ ಹಾಗೇ ಅಲ್ವಾ.

ಇನ್ನೊಂದು, ಅವರು ಏನು ಓದುತ್ತಿದ್ದಾರೆ? ಚರ್ಚಿನ ಪುಸ್ತಕಗಳಷ್ಟೇ ಆದರೆ ಸಾಲದು. ನಿಮ್ಮ ಕಡೆಯವರೇ ಉತ್ತಂಗಿ ಚನ್ನಪ್ಪನವರು ಇದ್ದರಲ್ಲ. ಬಾಸೆಲ್ ಮಿಷನ್ನಿನ ಸಭಾಪಾಲಕರು. ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಹುಡುಕಿ, ಕೂಡಿಸಿ, 1924ರಲ್ಲಿ ಪ್ರಕಟಿಸಿದವರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ವಿಶ್ವಾಸ ಅದರಿಂದ ಸಡಿಲವಾಗಲಿಲ್ಲ. ಸಾಗರದ ನಾ. ಡಿಸೋಜ ಅವರು ಶರಾವತಿ ಯೋಜನೆಯ ಕಡೆ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಅಣೆಕಟ್ಟಿನ ನೀರಿನಲ್ಲಿ ಮನೆ ಕಳೆದುಕೊಂಡವರ ಬಗ್ಗೆ ಬರೆದರು, 2014ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾದರು. ಕ್ರೈಸ್ತ ಲೇಖಕ ಅಂದರೆ ಚರ್ಚಿನ ಬಗ್ಗೆ ಮಾತ್ರ ಬರೆಯಬೇಕಾದವನು ಅಂತ ಅಲ್ಲ, ಹಾಗಂತ ಚರ್ಚನ್ನು ಬಚ್ಚಿಟ್ಟು ಬರೆಯಬೇಕಾದವನೂ ಅಲ್ಲ. ಇದನ್ನು ಆ ಮೂವರಿಗೆ ಈ ವಾರವೇ ಹೇಳಿ.

ಬಿಟ್ಟುಹೋದ ಉಳಿದ ನಾಲ್ವರಿಗೂ ಒಂದೊಂದು ಫೋನ್ ಮಾಡಿ. ಬಾ ಅಂತ ಒತ್ತಾಯ ಬೇಡ. ಅವರು ಕೊನೆಗೆ ಬರೆದದ್ದರಲ್ಲಿ ನಿಮಗೆ ನೆನಪಿರುವ ಒಂದು ಸಾಲು ಹೇಳಿ, ಅಷ್ಟೇ. ಸಾಲು ನೆನಪಿಲ್ಲದಿದ್ದರೆ ಫೋನ್ ಮಾಡುವ ಮೊದಲು ಹಾಳೆ ಹುಡುಕಿ ಓದಿಕೊಳ್ಳಿ.

ಮತ್ತೆ ಆ ಹುಡುಗಿಯ ಕಥೆ. ಅಜ್ಜ ಕೂಗುತ್ತಾ ಹೋದ ಅಂತ ಬರೆದು ನೀವು ನಿಲ್ಲಿಸಿಬಿಟ್ಟಿದ್ದೀರಿ. ಕೊನೆಗೆ ಆ ಕುಂಬಳಕಾಯಿ ಯಾರ ಮನೆಗೆ ಹೋಯಿತು? ಎರಡು ದಿನದಿಂದ ಅದೇ ಯೋಚನೆ ನನಗೆ. ಅವಳನ್ನು ಕೇಳಿ ತಿಳಿಸಿ.