ವರ್ಷಗಟ್ಟಲೆ ಬ್ಲಾಗ್ ಬರೆದವರಿಗೆ ಏನು ಸಿಕ್ಕಿತು?

ನೀವು ಕೇಳಿದ್ದು ಇದು: ನಿಮ್ಮ ತಂದೆ ಇಳಕಲ್‌ನಲ್ಲಿ ಸೀರೆ ನೇಯುತ್ತಾರೆ, ಆ ಕೆಲಸದ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುವ ಆಸೆ ನಿಮಗಿದೆ. ಆದರೆ ಈಗ ಬ್ಲಾಗ್ ಯಾರೂ ಓದಲ್ಲ, ದುಡ್ಡೂ ಬರಲ್ಲ ಅಂತ ಗೆಳೆಯರು ಹೇಳುತ್ತಿದ್ದಾರೆ. ಹವ್ಯಾಸಕ್ಕೆ ಅಂತ ಹಲವು ವರ್ಷ ಬರೆದವರಿಗೆ ಏನು ಸಿಕ್ಕಿತು, ಈಗ ಶುರು ಮಾಡಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಮಾಡಿ. ಖಂಡಿತ ಮಾಡಿ.

ನಾನು 2007ರಿಂದ ಬರೆಯುತ್ತಿದ್ದೇನೆ. ಊರು ಶಿರಸಿ ಹತ್ತಿರದ ಹಳ್ಳಿ, ಕೆಲಸ ಬೆಂಗಳೂರಲ್ಲಿ. ದುಡ್ಡು ಬಂದಿಲ್ಲ, ಬರಲಿ ಅಂತ ಬರೆದೂ ಇಲ್ಲ. ನನಗೆ ಸಿಕ್ಕಿದ್ದು ಬೇರೆ. ಮನೆಯಲ್ಲಿ ದಿನಾ ನಡೆಯುತ್ತಿದ್ದ ಕೆಲಸವನ್ನು ನಿಂತು ನೋಡುವ, ಗೊತ್ತಿಲ್ಲದ್ದನ್ನು ಬಿಡದೆ ಕೇಳುವ ಅಭ್ಯಾಸ ಬಂತು. ಬರೆಯಬೇಕು ಅನ್ನೋದು ತಲೆಯಲ್ಲಿ ಇಲ್ಲದೇ ಹೋಗಿದ್ದರೆ ಎಷ್ಟೋ ವಿಷಯ ನಾನು ಕೇಳುತ್ತಲೇ ಇರಲಿಲ್ಲ.

ಅಪ್ಪೆಮಿಡಿಯ ಕತೆ ಹೇಳುತ್ತೇನೆ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ ಅದು. ಅಘನಾಶಿನಿ, ಶರಾವತಿ, ಕಾಳಿ, ವರದಾ ನದಿಗಳ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳ ಕಾಯಿ. ಈಗ ಅದಕ್ಕೆ ಜಿಐ ಟ್ಯಾಗ್, ಅಂದರೆ ಇದು ಇಂಥ ಪ್ರದೇಶದ್ದೇ ಅನ್ನೋ ಸರಕಾರಿ ಗುರುತು ಕೂಡ ಇದೆ. ನಾನು ಚಿಕ್ಕಂದಿನಿಂದ ತಿಂದು ಬೆಳೆದವಳು. ಅದರ ಬಗ್ಗೆ ಒಂದು ಬರಹ ಹಾಕೋಣ ಅಂತ ಕೂತೆ ನೋಡಿ, ಆಗ ಒಂದೊಂದೇ ಪ್ರಶ್ನೆ ಎದ್ದವು. ಇಷ್ಟು ಮಿಡಿಗೆ ಉಪ್ಪು ಎಷ್ಟು ಅಂತ ಫೋನಿನಲ್ಲಿ ಆಯಿಯನ್ನು (ನಮ್ಮ ಕಡೆ ಅಮ್ಮನಿಗೆ ಹಾಗನ್ನುತ್ತೇವೆ) ಕೇಳಿದೆ. "ಕೈಗೆ ಗೊತ್ತಾಗ್ತು" ಅಂದಳು. ಅದನ್ನು ಓದುವವರಿಗೆ ಹೇಗೆ ಹೇಳುವುದು?

ಮುಂದಿನ ಮಿಡಿ ಕಾಲಕ್ಕೆ ರಜೆ ಹಾಕಿ ಊರಿಗೆ ಹೋದೆ. ಆಯಿ ಹಿಡಿಯಲ್ಲಿ ತೆಗೆದ ಕಲ್ಲುಪ್ಪನ್ನೆಲ್ಲ ಭರಣಿಗೆ ಬೀಳುವ ಮೊದಲು ತಕ್ಕಡಿಗೆ ಹಾಕಿಸಿಕೊಂಡೆ. ಒಂದು ಹಿಡಿಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ! ಅವಳ ಕೈಗೆ ನಿಜವಾಗಿಯೂ ಗೊತ್ತಿತ್ತು. ಮರ ಹತ್ತುವವರು ಕಾಯಿಯನ್ನು ಕೆಳಗೆ ಬೀಳಿಸುವುದಿಲ್ಲ, ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದರೂ ಸಾಕು, ಭರಣಿಯಲ್ಲಿರುವುದು ಕೆಡುತ್ತದೆ. ತೊಟ್ಟು ಉಳಿಸಿಯೇ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ಉಪ್ಪಿನಲ್ಲಿಟ್ಟ ಮಿಡಿ ನೀರು ಬಿಟ್ಟು ಚಿರುಟಿದ ಮೇಲೆ, ಆ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು ಅರೆಯುತ್ತಾರೆ. ಇಷ್ಟೂ ನಮ್ಮ ಮನೆಯ ಹಿತ್ತಿಲಲ್ಲೇ ನಡೆಯುತ್ತಿತ್ತು. ಬರೆಯಲು ಹೊರಟಾಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು.

ಆ ಬರಹ ಹಾಕಿದಾಗ ಹೆಚ್ಚು ಜನ ಓದಲಿಲ್ಲ. ಆದರೆ ಇವತ್ತಿಗೂ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಬಂತೆಂದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಸಾಗರದ ಕಡೆಯವರೊಬ್ಬರು ತಮ್ಮ ಮನೆಯಲ್ಲಿ ಸಾಸಿವೆಯನ್ನು ಹುರಿಯುವ ಕ್ರಮ ಬರೆದರು. ಇನ್ನೊಬ್ಬರು ತಮ್ಮೂರಿನ ಅಪ್ಪೆ ಮರಗಳ ಹೆಸರನ್ನೆಲ್ಲ ಕೊಟ್ಟರು. ಒಂದು ಮರದ ರುಚಿ ಇನ್ನೊಂದಕ್ಕಿಲ್ಲ, ಹಾಗಾಗಿ ನಮ್ಮ ಕಡೆ ಮರಕ್ಕೊಂದು ಹೆಸರು. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ, ಹೀಗೆ. ನಾನು ಬರೆದದ್ದಕ್ಕಿಂತ ಕೆಳಗಿನ ಪ್ರತಿಕ್ರಿಯೆಗಳಲ್ಲೇ ಈಗ ಜಾಸ್ತಿ ವಿಷಯ ಇದೆ. ಅದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

ಅದೇ ಸಮಯದಲ್ಲಿ ಚುನಾವಣೆ, ಕ್ರಿಕೆಟ್, ಟ್ರಾಫಿಕ್ ಬಗ್ಗೆಯೂ ಬರೆದಿದ್ದೆ. ಆ ವಾರ ಒಳ್ಳೇ ಚರ್ಚೆ ಆಯಿತು. ಆಮೇಲೆ ಅತ್ತ ಯಾರೂ ಸುಳಿಯಲಿಲ್ಲ. ಅಭಿಪ್ರಾಯಗಳಿಗೆ ಬಾಳಿಕೆ ಕಡಿಮೆ, ನೋಡಿ ಬರೆದದ್ದಕ್ಕೆ ಜಾಸ್ತಿ ಅಂತ ನನ್ನ ಅನುಭವ.

ಓದುಗರು ಕಡಿಮೆಯಾಗಿದ್ದು ನಿಜ. ಮೊದಲೆಲ್ಲ ಎಷ್ಟೋ ಜನ ಗೂಗಲ್ ರೀಡರ್‌ನಲ್ಲಿ ತಮಗಿಷ್ಟವಾದ ಬ್ಲಾಗುಗಳನ್ನು ಸೇರಿಸಿಟ್ಟುಕೊಂಡು ಓದುತ್ತಿದ್ದರು. 2013ರ ಜುಲೈ 1ಕ್ಕೆ ಅದು ನಿಂತಿತು. ಅಷ್ಟರಲ್ಲಿ ಮಾತುಕತೆ ಫೇಸ್‌ಬುಕ್‌ಗೆ, ಆಮೇಲೆ ವಾಟ್ಸಾಪ್‌ಗೆ ಹೋಗಿತ್ತು. ಅಲ್ಲಿ ಬರೆದದ್ದನ್ನು ತಿಂಗಳು ಕಳೆದ ಮೇಲೆ ಹುಡುಕಿ ನೋಡಿ, ಸಿಗುವುದು ಕಷ್ಟ. ಬ್ಲಾಗಿನಲ್ಲಿದ್ದದ್ದು ಸಿಗುತ್ತದೆ.

ಇನ್ನು ಕನ್ನಡದಲ್ಲಿ ಬರೆಯುವುದು ಈಗ ಎಷ್ಟು ಸುಲಭ ಅಲ್ವಾ? ನಾನು ಶುರು ಮಾಡಿದಾಗ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನೋ ಕನ್ನಡ ಫಾಂಟ್ ಇತ್ತು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಭಾಷೆಯ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಬೇಕಿತ್ತು, ಅದಕ್ಕೆ ಎಕ್ಸ್‌ಪಿ ಸಿಡಿ ಕೇಳುತ್ತಿತ್ತು. ಸೈಬರ್ ಕೆಫೆಯಲ್ಲಿ ಓದುವವರಿಗೆ ಎಷ್ಟೋ ಸಲ ಬರೀ ಚೌಕ ಕಾಣುತ್ತಿತ್ತು. ಟೈಪ್ ಮಾಡಲು ನನಗೆ ಆಸರೆಯಾಗಿದ್ದು 'ಬರಹ'. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶಕ್ಕೆ ನಮ್ಮಂಥವರು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿಮಗೆ ಮೊಬೈಲೇ ಸಾಕು, ಮಾತಾಡಿದರೂ ಅಕ್ಷರವಾಗುತ್ತದೆ.

ಕೆಲವು ಉಪಯೋಗದ ಮಾತು. ಬ್ಲಾಗರ್ ಆದರೂ ಸರಿ, ವರ್ಡ್‌ಪ್ರೆಸ್ ಆದರೂ ಸರಿ, ಉಚಿತವಾದದ್ದೇ ಸಾಕು. ಬ್ಲಾಗರ್‌ನಲ್ಲಿ ಕನ್ನಡದ ಶೀರ್ಷಿಕೆ ಕೊಟ್ಟರೆ ಬರಹದ ವಿಳಾಸ ಸುಮ್ನೆ 'ಬ್ಲಾಗ್-ಪೋಸ್ಟ್' ಅಂತಲೋ, ಅದಕ್ಕೊಂದು ಸಂಖ್ಯೆ ಅಂಟಿಕೊಂಡೋ ಬರುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಇರುವಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ವಿಷಯದ ಹೆಸರು ಕೊಡಿ. ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದೇನಾದರೂ ಇದ್ದರೆ ಯೂನಿಕೋಡ್‌ಗೆ, ಅಂದರೆ ಈಗ ಮೊಬೈಲ್, ಇಂಟರ್ನೆಟ್ಟಿನಲ್ಲೆಲ್ಲ ನಡೆಯುವ ಅಕ್ಷರ ಕ್ರಮಕ್ಕೆ ಬದಲಿಸಿಯೇ ಹಾಕಿ, ಇಲ್ಲದಿದ್ದರೆ ಹುಡುಕಿದವರಿಗೆ ಅದು ಸಿಗುವುದಿಲ್ಲ. ಆಗಾಗ ಇಡೀ ಬ್ಲಾಗಿನ ಬ್ಯಾಕಪ್ ಇಳಿಸಿಕೊಳ್ಳಿ. ಫೋಟೋಗಳ ಮೂಲ ಪ್ರತಿ ನಿಮ್ಮ ಹತ್ತಿರವೂ ಇರಲಿ. ಎಷ್ಟು ಜನ ನೋಡಿದರು ಅನ್ನೋ ಲೆಕ್ಕವನ್ನು ಮೊದಲ ವರ್ಷ ನೋಡಲೇಬೇಡಿ.

ನಿಮ್ಮ ವಿಷಯ ನನ್ನದಕ್ಕಿಂತ ದೊಡ್ಡದು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ ಅಂತ ನಾನು ಓದಿದ್ದೇನೆ, ಆದರೆ ಬೆರಳು ಹೇಗೆ ಓಡುತ್ತದೆ ಅಂತ ಕಂಡಿಲ್ಲ. ಅದನ್ನು ನೀವು ದಿನಾ ನೋಡುತ್ತೀರಿ. ಪಕ್ಕದಲ್ಲಿ ಕೂತು ಕೇಳಿ. ಒಂದು ಸೀರೆಗೆ ಕೊಂಡಿ ಹಾಕಲು ಎಷ್ಟು ಹೊತ್ತು? ಅದು ಮನೆಯಲ್ಲಿ ಯಾರ ಕೆಲಸ? ಎಳೆ ತುಂಡಾದರೆ ಏನು ಮಾಡುತ್ತಾರೆ? ಗೋಮಿ ದಡಿಗೂ ಚಿಕ್ಕಿ ದಡಿಗೂ ನೇಯುವವರಿಗೆ ಯಾವುದು ಜಾಸ್ತಿ ಕಷ್ಟ? ಟೋಪ ತೆನಿ ಸೆರಗು ಅವರು ಯಾರಿಂದ ಕಲಿತರು? ಇದರಲ್ಲಿ ಒಂದೊಂದೂ ಒಂದು ಬರಹ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ಮಗ್ಗದ ಭಾಗಗಳಿಗೆ ಅಪ್ಪ ಏನು ಹೆಸರು ಹೇಳುತ್ತಾರೋ ಅದನ್ನೇ ಇಡಿ.

ಹಾಕುವ ಮೊದಲು ಅವರಿಗೊಮ್ಮೆ ಓದಿ ಹೇಳಿ. "ಹಂಗಲ್ಲ ಅದು" ಅಂತ ತಿದ್ದುತ್ತಾರೆ. ತಿದ್ದುವಾಗ ನೀವು ಕೇಳದೇ ಇದ್ದದ್ದನ್ನೂ ಒಂದೆರಡು ಹೇಳುತ್ತಾರೆ, ಅದು ಮುಂದಿನ ಬರಹಕ್ಕಾಯಿತು. ಮೊದಲನೆಯದು ಹಾಕಿದ ದಿನ ಇಲ್ಲೇ ಲಿಂಕ್ ಕೊಡಿ, ಕೊಂಡಿ ಹಾಕುವ ಕ್ರಮ ಓದಲು ನಾನು ಕಾಯುತ್ತಿರುತ್ತೇನೆ.